ಊದಿ ಹಾಕಿದ ಕ್ಯಾಸೆಟ್ಟು

ಗುಬ್ಬಿಯ ಟಿವಿ ರಿಪೇರಿ ಅಡವಿಯಪ್ಪನವರು ಅಂದ್ರೆ ನನ್ನ ವಯಸ್ಸಿನವರಿಗೆಲ್ಲ ಗೊತ್ತು. ಈಗ ಎಪ್ಪತ್ತರ ಹತ್ತಿರ. ಮಾತು ಕಮ್ಮಿ, ಸಿಡುಕು ಜಾಸ್ತಿ. ರಿಮೋಟ್ ಕೆಟ್ಟಿದೆ ಅಂತ ಹೋದ್ರೂ "ನೆಲಕ್ಕೆ ಎಷ್ಟು ಸಲ ಕುಕ್ಕಿದ್ರಿ?" ಅಂತ ಪೊಲೀಸಿನವರ ಹಾಗೆ ಕೇಳ್ತಾರೆ. ತೊಂಬತ್ತೆಂಟರಲ್ಲಿ ಇದೇ ಮನುಷ್ಯ ಟಿವಿಗೆ ಸಿಕ್ಕಿಸಿ ಆಡೋ ವಿಡಿಯೋ ಗೇಮ್ ಮಾರ್ತಿದ್ದರು. ಆಟ ಬರ್ತಿಲ್ಲ ಅಂತ ಮಕ್ಕಳು ಅದಕ್ಕೆ ಸಿಕ್ಕಿಸೋ, ಆಟ ತುಂಬಿದ ಪ್ಲಾಸ್ಟಿಕ್ ಕ್ಯಾಸೆಟ್ ಹಿಡ್ಕೊಂಡು ಹೋದ್ರೆ ಒಂದೇ ಮದ್ದು: "ಊದಿ ಹಾಕ್ರೋ!"

ನಮ್ಮಣ್ಣ ಚನ್ನವೀರ ಅದನ್ನ ವೇದವಾಕ್ಯ ಅಂದ್ಕೊಂಡ. ನಿಟ್ಟೂರಿನ ನಮ್ಮ ಮನೇಲಿ ಇದ್ದದ್ದು ಒಂದೇ ಕ್ಯಾಸೆಟ್ಟು, ಬೈಕ್ ರೇಸಿಂದು. ಪ್ರತಿ ಸಲ ಕೆನ್ನೆ ಉಬ್ಬಿಸಿ, ಈ ತುದಿಯಿಂದ ಆ ತುದಿಗೆ ಊದಿ ಆಮೇಲೆ ಹಾಕೋನು. ನಾನು ಕೈ ಚಾಚಿದ್ರೆ "ನಿನ್ನ ಎಂಜಲು ಬೀಳುತ್ತೆ, ಹೋಗೇ" ಅಂತಿದ್ದ. ಇವನದೇನು ತೀರ್ಥವಾ? ಎಷ್ಟು ಉರ್ಕೊಂಡಿದ್ದೆ ಆಗ!

ಹದಿನಾಲ್ಕು ವರ್ಷ ಅವನಿಗೆ. ಒಂದು ಭಾನುವಾರ ಮೈ ಸುಡ್ತಿದ್ದರೂ ಆಡ್ತಾ ಕೂತಿದ್ದ. ಅಮ್ಮ ರೇಗಿ ವಯರ್ ಕಿತ್ತು ಹಾಕಿದಳು. "ಇನ್ನೊಂದೇ ಸುತ್ತು ಇತ್ತು ಕಣಮ್ಮ, ಗೆಲ್ತಿದ್ದೆ" ಅಂತ ಅತ್ತ. ಬುಧವಾರ ಅವನು ಇರಲಿಲ್ಲ. ಮೆದುಳು ಜ್ವರ ಅಂದ್ರು.

ಕಿತ್ತ ಆ ವಯರು ಅಮ್ಮನನ್ನ ಇವತ್ತಿಗೂ ಬಿಟ್ಟಿಲ್ಲ. ಹೋದ ತಿಂಗಳು ತುಮಕೂರಿಗೆ ನಮ್ಮ ಮನೆಗೆ ಬಂದವಳು ಸೊಪ್ಪು ಬಿಡಿಸ್ತಾ, ತಲೆ ಎತ್ತದೆ, "ಅನುಪಮಾ, ಅದು ಇನ್ನೂ ಓಡುತ್ತೇನೇ? ಆ ರೇಸು ಒಂದ್ಸಲ ಮುಗೀಲಿ ಕಣೇ. ಕಿವೀಲಿ ಡುರ್ ಅಂತಾನೇ ಇದೆ" ಅಂದಳು. ನಿಟ್ಟೂರಿನ ಮನೆ ಅಟ್ಟದಿಂದ ಆಟದ ಪೆಟ್ಟಿಗೆ, ಕ್ಯಾಸೆಟ್ಟು ತಂದು ಹಾಕಿ ನೋಡಿದೆ, ಟಿವಿ ತುಂಬ ಬರೀ ಬೂದು. ಮಾರನೇ ದಿನ ಗುಬ್ಬಿ ಬಸ್ ಹತ್ತಿದೆ.

ಅಡವಿಯಪ್ಪನವರು ಕ್ಯಾಸೆಟ್ ಬಿಚ್ಚಿ, ಕನ್ನಡಕ ಹಣೆಗೇರಿಸಿ ನೋಡಿದರು. ಒಳಗಿನ ತಾಮ್ರದ ಗೆರೆಗಳ ಮೇಲೆಲ್ಲ ಹಸಿರು ಕಿಲುಬು.

"ಯಾವನಮ್ಮ ಇದನ್ನ ಇಷ್ಟು ಊದಿರೋದು? ಬಾಯಿ ತೇವಕ್ಕೇ ಹಿಂಗಾಗೋದು."

"ನೀವೇ ಹೇಳಿದ್ದು ಊದಿ ಅಂತ!" ನಾನು ಹರಿಹಾಯ್ದೆ. "ನಮ್ಮಣ್ಣ. ಈಗಿಲ್ಲ."

ಅವರ ಕೈ ನಿಂತಿತು. "ಗೊತ್ತಿರಲಿಲ್ಲ ತಾಯಿ ಆವಾಗ," ಅಂದರು. "ಊದಿದ್ರೆ ಓಡ್ತಿತ್ತು, ಹೇಳ್ಬಿಟ್ಟೆ. ಈಗ ರಿಪೇರಿಗೆ ಬರೋ ಹಳೇ ಕ್ಯಾಸೆಟ್ಟೆಲ್ಲ ಹಿಂಗೇ. ಆ ಹುಡುಗರ ಉಸಿರು ಉಜ್ಜೋದೇ ಆಯ್ತು ನಂಗೆ."

ಉಸಿರು! ಅಣ್ಣ ನನ್ನನ್ನ ಒಂದು ಸಲಾನೂ ಊದೋಕೆ ಬಿಟ್ಟಿರಲಿಲ್ಲ. ಅಷ್ಟು ಹಸಿರೂ ಅವನೊಬ್ಬನದೇ. ಇಪ್ಪತ್ತೇಳು ವರ್ಷ ಅಟ್ಟದ ಮೇಲೆ, ಹಳೇ ಸೀರೆ ಗಂಟಿನ ಪಕ್ಕ ಅವನ ಉಸಿರು ಕೂತಿತ್ತು. ನಾವು ಕೆಳಗೆ ಉಣ್ತಾ, ಜಗಳ ಆಡ್ತಾ ಇದ್ವಿ.

ಅಡವಿಯಪ್ಪನವರು ಪೆನ್ಸಿಲ್ ಅಳಿಸೋ ರಬ್ಬರ್ ಕೈಗೆತ್ತಿಕೊಂಡು ನನ್ನ ಮುಖ ನೋಡಿದರು. "ಉಜ್ಜಿದ್ರೆ ಹೋಗ್ಬಿಡುತ್ತೆ. ಉಜ್ಜದಿದ್ರೆ ಓಡಲ್ಲ. ಏನ್ ಮಾಡ್ಲಿ ಹೇಳಮ್ಮ?"

ಬೇಡ ಅನ್ನೋದು ನಾಲಿಗೆ ತುದೀಲಿತ್ತು. ಅಮ್ಮ ನೆನಪಾದಳು. "ಉಜ್ಜಿ," ಅಂದೆ. ಅವರು ಮಗುವಿನ ಮೂಗು ಒರೆಸೋ ಹಾಗೆ ಮೆಲ್ಲಗೆ ಉಜ್ಜಿದರು. ಹಸಿರು ಪುಡಿ ಟೇಬಲ್ ಮೇಲೆ ಉದುರ್ತಾ ಇತ್ತು. ಫ್ಯಾನ್ ಗಾಳಿಗೆ ಅದು ಹಾರೋದನ್ನ ನೋಡೋಕಾಗದೆ ಹೊರಗೆ ಬಂದು ನಿಂತೆ. ಹಾಳಾದ ಕಣ್ಣೀರು ನಿಲ್ಲಲೇ ಇಲ್ಲ.

ಭಾನುವಾರ ಬೆಳಿಗ್ಗೆ ಹಾಕಿದೆ. ಡುರ್ ಅಂತು. ಅಮ್ಮ ಟಿವಿ ಮುಂದೆ ಬರಲಿಲ್ಲ, ಅಡುಗೆಮನೇಲಿ ಬೆನ್ನು ಹಾಕಿ ನಿಂತಳು. ನಾನೋ ಜನ್ಮದಲ್ಲಿ ಆಡಿದವಳಲ್ಲ. ಮೂರು ಸಲ ಬಿದ್ದು, ಎಲ್ಲರಿಗಿಂತ ಕೊನೆಗೆ ಗೆರೆ ದಾಟಿದೆ. ಸದ್ದು ನಿಂತಿತು.

"ಗೆದ್ದನೇನೇ?" ಅಮ್ಮ ಕೇಳಿದಳು.

"ಗೆದ್ದ ಕಣಮ್ಮ," ಅಂದೆ.