ಅಳಿಯನ ಕಾರಿಗೆ ಪರೀಕ್ಷೆ ಇಲ್ಲ

ಮನೆಯ ಅಳಿಯ ಕೊಡುವ ಕಾರನ್ನು ಪರೀಕ್ಷೆ ಮಾಡಬಾರದಂತೆ. ಈ ಕಾನೂನು ಯಾವ ಪುಸ್ತಕದಲ್ಲಿದೆಯೋ ನಾನರಿಯೆ. ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಂತೂ ಇತ್ತು. ಅದನ್ನು ನಾನು ಮುರಿದೆನೆಂಬ ಸಿಟ್ಟು ನಮ್ಮನೆಯವರಿಗೆ ಇನ್ನೂ ಇಳಿದಿಲ್ಲ.

ಕಾರು ಬೇಕಾಗಿದ್ದು ಅತ್ತೆಯ ಸಲುವಾಗಿ. ಅವರಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ವಾರಕ್ಕೆ ಮೂರು ಸಲ ವಿಜಯಪುರಕ್ಕೆ ಕರೆದೊಯ್ದು ವ್ಯಾಯಾಮ ಮಾಡಿಸಿದರೆ ಚೇತರಿಸಿಕೊಂಡಾರು, ಈ ಮೊದಲ ಕೆಲವು ತಿಂಗಳು ಸುಮ್ಮನೆ ಕಳೆದರೆ ಮುಗಿಯಿತು ಎಂದು ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಬಸ್ಸಿನ ಮೆಟ್ಟಿಲು ಅತ್ತೆಗೆ ಗುಡ್ಡವಾಗಿತ್ತು. ನಾನು ಹಿಂದಿನಿಂದ ಎತ್ತುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದುತ್ತಿದ್ದ. ನಮ್ಮ ಮನೆಯಲ್ಲಿ ಕಾರು ಓಡಿಸಲು ಕಲಿತವಳು ನಾನೊಬ್ಬಳೇ. ಕೊಳ್ಳುವ ದುಡ್ಡೂ ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಕೂಡಿಟ್ಟದ್ದು.

ಅಷ್ಟರಲ್ಲಿ ಸಿಂದಗಿಯಿಂದ ನನ್ನ ನಾದಿನಿಯ ಗಂಡನ ಫೋನು ಬಂತು. ನಮ್ಮ ಕಾರು ಕೊಡುತ್ತೇನೆ, ಮನೆಯವರೆಂದು ಅರ್ಧ ರೇಟಿಗೆ ಕೊಡುತ್ತೇನೆ ಎಂದರು. ಸುಳ್ಳು ಯಾಕೆ ಹೇಳಲಿ, ಅರ್ಧ ರೇಟು ಎಂದಾಗ ನನ್ನ ಬಾಯಲ್ಲೂ ನೀರೂರಿತು. ಆದರೂ, ನಮ್ಮೂರ ಗಾಡಿ ರಿಪೇರಿ ಮಿಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗೋಣ ಎಂದೆ.

"ಅಳಿಯನ ಮನಿಗೆ ಮಿಸ್ತ್ರಿ ಕರ್ಕೊಂಡು ಹೋಗ್ತಾರೇನು? ಮಂದಿ ಏನಂದಾರು?" ಎಂದರು ನಮ್ಮನೆಯವರು.

ಮಿಸ್ತ್ರಿಯ ಬದಲು ಅವರ ಕಾಕಾ ಬಂದರು. ಎತ್ತು ನೋಡುವುದರಲ್ಲಿ ಅವರದು ಎತ್ತಿದ ಕೈ. ಮಗಳನ್ನು ನೋಡಬೇಕೆಂದು ಅತ್ತೆಯೂ ಹೊರಟರು. ಬರುವಾಗ ನಮ್ಮದೇ ಕಾರು ಇರುತ್ತದಲ್ಲ ಎಂದು, ಹೋದ ಬಾಡಿಗೆ ಗಾಡಿಯನ್ನು ಸಿಂದಗಿಯಿಂದಲೇ ವಾಪಸ್ ಕಳಿಸಿಬಿಟ್ಟರು. ಎಷ್ಟು ಧೈರ್ಯ ನೋಡಿ.

ಕಾರು ಅಂಗಳದಲ್ಲಿ ಮದುಮಗನ ಹಾಗೆ ನಿಂತಿತ್ತು. ಹೊಸ ಸೀಟ್ ಕವರು, ಹೊಸ ಮ್ಯಾಟು, ಮೂಗಿಗೆ ಹೊಡೆಯುವ ಅತ್ತರು. ಕಾಕಾ ಸುತ್ತ ಒಂದು ಸಲ ತಿರುಗಿ, ಟೈರಿಗೆ ಒದ್ದು, ಹಿಂಭಾಗಕ್ಕೆ ಅಂಗೈಯಿಂದ ಬಡಿದು, "ಗಟ್ಟಿ ಐತಿ" ಎಂದರು. ಬಾನೆಟ್ ತೆಗೆಯಿರಿ ಎಂದು ಯಾರೂ ಕೇಳಲಿಲ್ಲ. ಕಾಕಾ ಒಳಗಿನಿಂದ ಸಕ್ಕರೆ ತರಿಸಿ ಎಲ್ಲರ ಕೈಗೂ ಹಾಕಿದರು. ವ್ಯವಹಾರ ಮುಗಿಯಿತೆಂದು ಅದರರ್ಥ. ಓಡಿಸುವವಳನ್ನು ಒಂದು ಮಾತೂ ಕೇಳದೆ ಮುಗಿಯಿತು.

ಒಂದು ಸುತ್ತು ಹೋಗಿ ಬರೋಣ ಎಂದು ನಾನೇ ಗಂಟುಬಿದ್ದೆ. ಕೀಲಿಗೆ ಕೈ ಚಾಚಿದರೆ ಅಳಿಯಂದಿರು, "ಇರಲಿ ಅಕ್ಕಾರ, ನಾನ ಓಡಿಸಿ ತೋರಸ್ತೇನಿ" ಎಂದು ತಾವೇ ಕುಳಿತರು. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಗಾಡಿ ತಿರುಗಿದರೆ ಅವರು ಎಡಕ್ಕೆ ವಾಲುತ್ತಿದ್ದರು, ಅದಕ್ಕೆ ಬೆಲ್ಟ್ ಹಾಕಲು ಹೋದೆ. ನಮ್ಮ ಕಡೆ ಹಿಂದಿನ ಸೀಟಿನ ಬೆಲ್ಟನ್ನು ಯಾವ ಪುಣ್ಯಾತ್ಮ ಮುಟ್ಟುತ್ತಾನೆ? ಮಾರುವವರಿಗೂ ಅದನ್ನು ತೊಳೆಯಬೇಕೆಂದು ಹೊಳೆದಿರಲಿಲ್ಲ. ಪೂರ್ತಿ ಎಳೆದೆ. ಮೇಲಿನ ಒಂದು ಗೇಣು ಚೊಕ್ಕ ಇತ್ತು. ಅದರಾಚೆ ಒಣಗಿದ ಕರಿ ಮಣ್ಣು. ಅತ್ತೆಯ ಬಿಳಿ ಸೀರೆಯ ಮೇಲೆ ಹಿಟ್ಟಿನಂತೆ ಉದುರಿತು.

"ಗಾಡಿ ನೀರಾಗ ನಿಂತಿತ್ತೇನ್ರಿ?" ಎಂದೆ.

"ತೊಳ್ಯಾಗ ನೀರು ಹೋಗಿರತೈತ್ರಿ ಅಕ್ಕಾರ."

"ನೀವು ಗಾಡಿ ಮಣ್ಣು ಹಾಕಿ ತೊಳೀತೀರೇನ್ರಿ?"

ಅಳಿಯಂದಿರ ಮುಖ ಕಪ್ಪಿಟ್ಟಿತು. ನಮ್ಮನೆಯವರು ನನ್ನತ್ತ ಕಣ್ಣು ಬಿಟ್ಟರು. "ವ್ಯವಹಾರ ಮುಗದೈತಿ, ಹೆಣ್ಮಕ್ಕಳು ನಡುವ ಬಾಯಿ ಹಾಕಬಾರದು," ಎಂದರು ಕಾಕಾ. ನನ್ನ ಮೈಯೆಲ್ಲ ಉರಿದುಹೋಯಿತು. ನೀರು ಕುಡಿದ ಕಾರಿನ ಒಳಗೆ ವೈರುಗಳು ಸದ್ದಿಲ್ಲದೆ ಕೊಳೆಯುತ್ತವೆ. ಅದು ಎಲ್ಲಿ ನಿಲ್ಲುತ್ತದೋ ಹೇಳಲಾಗದು. ವಿಜಯಪುರದ ರಸ್ತೆಯಲ್ಲಿ, ಗಿಡವೂ ಇಲ್ಲದ ಬಯಲಲ್ಲಿ, ಅರ್ಧ ಮೈ ಅಲುಗಾಡದ ಮುದುಕಿಯನ್ನು ಇಟ್ಟುಕೊಂಡು ಬೆವರುವವಳು ನಾನು. ಅಲ್ಲಿಗೆ ಈ ಕಾಕಾ ಬಂದು ಹಿಂಭಾಗಕ್ಕೆ ಬಡಿದು ಎಬ್ಬಿಸುತ್ತಾರೆಯೇ?

ಅಡುಗೆಮನೆಗೆ ಹೋದೆ. ನಾದಿನಿ ಚಹಾ ಸೋಸುತ್ತಿದ್ದಳು. "ನಿನಗ ಗೊತ್ತಿತ್ತೇನು?" ಎಂದೆ.

ಅವಳು ತಲೆ ಎತ್ತಲಿಲ್ಲ. "ಗೊತ್ತಿತ್ತು ವೈನಿ. ಹೋದ ಮಳಿಗಾಲದಾಗ ಡೋಣಿ ಹೊಳಿ ನೀರಾಗ ಎರಡು ದಿನ ನಿಂತಿತ್ತು."

"ಅವ್ವ ಕೂಡೋ ಗಾಡಿ ಅಂತನೂ ಗೊತ್ತಿತ್ತಲ್ಲ?"

"ಗೊತ್ತಿತ್ತು." ಅವಳು ಕಪ್ಪು-ಬಸಿ ಜೋಡಿಸತೊಡಗಿದಳು. "ನೀವು ಜಗಳಾಡಿ ನಿಮ್ಮ ಮನಿಗೆ ಹೋಗ್ತೀರಿ. ನಾ ಎಲ್ಲಿಗೆ ಹೋಗ್ಲಿ?"

ಅವಳಿಗೆ ಬೈಯಬೇಕೆಂದು ಹೋದವಳು ಬೈಯಲಾಗದೆ ಹೊರಬಂದೆ. ಆ ಸಿಟ್ಟನ್ನೂ ಸೇರಿಸಿ, ನನಗೆ ಈ ಕಾರು ಬೇಡ ಎಂದು ಅಂಗಳದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅಳಿಯಂದಿರು ಚಹಾ ಮುಟ್ಟದೆ ಎದ್ದು ಹೋದರು.

ಬಾಡಿಗೆ ಗಾಡಿ ಇಲ್ಲವಲ್ಲ, ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಯನ್ನು ನಾನೂ ನಮ್ಮನೆಯವರೂ ಎತ್ತಿ ಬಸ್ಸಿಗೆ ಹತ್ತಿಸಿದೆವು. ಬಸ್ಸು ದೇವರ ಹಿಪ್ಪರಗಿ ದಾಟಿತು. ಆಮೇಲೆ ಅತ್ತೆ ಸೊಟ್ಟಗಾದ ಬಾಯಿಂದ ಒಂದೊಂದೇ ಮಾತು ಕೂಡಿಸಿ ಹೇಳಿದರು: "ನನ್ನ ಕೈ ಹೋದ್ರ ಹೋಗಲಿ ಯವ್ವಾ. ನನ್ನ ಮಗಳು ನಾಳೆ ಮುಂಜಾನಿ ಆ ಮನ್ಯಾಗ ಏಳಬೇಕಲ್ಲ. ಗಾಡಿ ತಗೊಂಡುಬಿಡು."

ಆ ದಿನ ಕಾಕಾನ ಮಾತಿಗಿಂತ ನನ್ನನ್ನು ಹೆಚ್ಚು ಕೆರಳಿಸಿದ್ದು ಈ ಮಾತು. ಮೋಸ ಮಾಡಿದವನು ಅಂಗಳದಲ್ಲಿ ಮೀಸೆ ತಿರುವಿಕೊಂಡು ಕುಳಿತಿರಬೇಕು, ಅವನ ಮರ್ಯಾದೆಗೆ ಒಬ್ಬ ಮುದುಕಿ ತನ್ನ ಕೈ ಕೊಡಬೇಕು, ಒಬ್ಬ ಹೆಂಗಸು ಬಾಯಿ ಮುಚ್ಚಿಕೊಳ್ಳಬೇಕು. ಆಗುವುದಿಲ್ಲ ಎಂದೆ.

ಬೇರೆ ಕಾರು ಕೊಳ್ಳಲು ಕೂಡಿಟ್ಟದ್ದು ಸಾಲುತ್ತಿರಲಿಲ್ಲ. ಆ ದುಡ್ಡನ್ನೆಲ್ಲ ಬಾಡಿಗೆ ಗಾಡಿಗೇ ಸುರಿದೆ. ವಾರಕ್ಕೆ ಮೂರು ಸಲ, ಶಾಲೆ ಬಿಟ್ಟ ಮೇಲೆ, ಒಂದು ದಿನವೂ ತಪ್ಪಿಸಲಿಲ್ಲ. ಅತ್ತೆಯ ಎಡಗೈ ಈಗ ಮೇಲೇಳುತ್ತದೆ. ತಮ್ಮ ತಲೆಯನ್ನು ತಾವೇ ಬಾಚಿಕೊಳ್ಳುತ್ತಾರೆ. ಅದನ್ನು ಕಣ್ಣಾರೆ ನೋಡಿ ಹೋಗಲಿಕ್ಕೆ ಅವರ ಮಗಳನ್ನು ಆ ಮನೆಯವರು ಒಂದು ದಿನದ ಮಟ್ಟಿಗೂ ಇನ್ನೂ ಕಳಿಸಿಲ್ಲ.