ಕಂಡಕ್ಟರಣ್ಣನ ಎರಡು ನಿಮಿಷದ ಥ್ರಿಲ್ಲರ್

ಕಂಡಕ್ಟರಣ್ಣನ ಬಲಗಿವಿ ಎಡಗಿವಿಗಿಂತ ಸ್ವಲ್ಪ ಹೊರಗೆ ಬಾಗಿತ್ತು. ಕೆಲಸಕ್ಕೆ ಸೇರಿದಂದಿನಿಂದ ಆ ಕಿವಿಯ ಮೇಲೆ ಬಾಲ್‌ಪೆನ್ನು ಸಿಕ್ಕಿಸಿಕೊಂಡದ್ದರ ಫಲ ಅದು. ಟಿಕೆಟ್ ಯಂತ್ರ ಬಂದು ಪೆನ್ನಿನ ಕೆಲಸ ಹೋದ ಮೇಲೂ ಕಿವಿ ತನ್ನ ಜಾಗಕ್ಕೆ ವಾಪಸಾಗಲಿಲ್ಲ. ಬಸ್ಸಿನಲ್ಲಿ ಯಾರು ಏನು ಪಿಸುಗುಟ್ಟಿದರೂ ಆ ಕಿವಿಗೆ ಬೀಳುತ್ತದೆಂದು ನಮ್ಮಲ್ಲಿ ಪ್ರತೀತಿ ಇತ್ತು. ಪ್ರತೀತಿಯೇನು, ನಿಜವೇ.

ಬೆಳಗ್ಗೆ ಭಟ್ಕಳದಿಂದ ಹೊರಟು ಹೊನ್ನಾವರದ ಮೇಲೆ ಕುಮಟೆಗೆ ಹೋಗುವ ಬಸ್ಸು ಅವರದು. ನಾನು ಹೊನ್ನಾವರದಲ್ಲಿ ಹತ್ತಿ ಕುಮಟೆಯ ಕಾಲೇಜಿಗೆ ಹೋಗುತ್ತಿದ್ದೆ. ಎಲ್ಲಿಗೆ ಎಂದು ಕೇಳುವುದು ಎಲ್ಲ ಕಂಡಕ್ಟರುಗಳ ಕೆಲಸ. ಇವರು ಯಾಕೆ ಎಂದೂ ಕೇಳುತ್ತಿದ್ದರು. ಆಸ್ಪತ್ರೆಗೆ ಎಂದರೆ ಯಾರಿಗೆ ಹುಷಾರಿಲ್ಲ, ಎಷ್ಟು ದಿನದಿಂದ, ಊಟ ಸೇರುತ್ತದೆಯೋ ಇಲ್ಲವೋ ಎಲ್ಲ ಹೇಳಬೇಕು. ಸಂಜೆ ಅದೇ ಬಸ್ಸಿಗೆ ಹತ್ತಿದರೆ ಡಾಕ್ಟರು ಏನೆಂದರು ಎಂಬ ವರದಿ ಒಪ್ಪಿಸಬೇಕು. ‘ಸುದ್ದಿ ಮೊದ್ಲು, ಟಿಕೆಟ್ ಆಮೇಲೆ’ ಎಂಬುದು ಅವರ ಮಾಮೂಲಿ ಮಾತು. ಒಂದು ಹೆಣ್ಣು ನೋಡುವ ಕಾರ್ಯಕ್ಕೆ ಹೊರಟಿದ್ದ ಹುಡುಗನೊಬ್ಬ ನಾಚಿಕೊಂಡು ‘ಹೀಗೇ’ ಎಂದದ್ದಕ್ಕೆ ಮಂಕಿಯಿಂದ ಹೊನ್ನಾವರದವರೆಗೆ ಅವನ ಬಾಯಿ ಬಿಡಿಸಿ, ಹುಡುಗಿಯ ಮನೆತನ ಒಳ್ಳೆಯದೆಂದು ಇಡೀ ಬಸ್ಸಿನ ಎದುರು ಸರ್ಟಿಫಿಕೇಟ್ ಕೊಟ್ಟು ಇಳಿಸಿದ್ದರಂತೆ.

ಅವರ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ನಾವು ಮೂವರು ಕೊಲೆಯ ಯೋಜನೆ ಹಾಕುತ್ತಿದ್ದೆವು. ನಾನು, ಭಟ್ಕಳದ ಪಕ್ಕದ ಜಾಲಿಯಿಂದ ಬರುವ ನಾಜಿಯಾ, ಮಂಕಿಯ ಗಣಪತಿ. ಡಿಗ್ರಿಯ ಕೊನೆಯ ವರ್ಷ, ಪತ್ರಿಕೋದ್ಯಮದ ಮೇಡಂ ಪ್ರತಿ ಗುಂಪೂ ಒಂದು ಥ್ರಿಲ್ಲರ್ ಸಿನಿಮಾದ ಆರಂಭ ಮಾತ್ರ ಮಾಡಿಕೊಡಬೇಕೆಂದು ಹೇಳಿದ್ದರು. ಎರಡೇ ನಿಮಿಷ. ನೋಡಿದವರು ಮುಂದೇನಾಯಿತೆಂದು ಕೇಳಬೇಕು, ಅಷ್ಟೇ. ಅದು ಸರಿಯಾಗದಿದ್ದರೆ ಆ ಪೇಪರು ಹೋದ ಹಾಗೆ. ನಾಜಿಯಾ ಕ್ಯಾಮೆರಾ, ಗಣಪತಿ ನಿರ್ದೇಶಕ, ದೃಶ್ಯ ಜೋಡಿಸುವ ಎಡಿಟಿಂಗ್ ಕೆಲಸ ನನ್ನದು.

ನಮ್ಮ ಮೊದಲ ಯೋಜನೆಯಲ್ಲಿ ಕಡಲ ದಂಡೆಯ ಮೇಲೆ ಹೆಣ. ಎರಡನೆಯದರಲ್ಲಿ ಪಾಳುಮನೆ, ಬಾಗಿಲ ಸಂದಿಯಲ್ಲಿ ಹೆಣ. ಮೇಡಂ ಎರಡನ್ನೂ ವಾಪಸು ಕೊಟ್ಟರು. ಇವೆಲ್ಲ ನೀವು ಮೊಬೈಲಿನಲ್ಲಿ ನೋಡಿದ್ದು, ನಿಮ್ಮ ಊರಿನವರು ನಿಜಕ್ಕೂ ಯಾವುದಕ್ಕೆ ಹೆದರುತ್ತಾರೆ ಎಂದು ಮೊದಲು ಸಂಶೋಧನೆ ಮಾಡಿ, ಆಮೇಲೆ ಕ್ಯಾಮೆರಾ ಮುಟ್ಟಿ ಎಂದರು. ಗಣಪತಿಯ ಮುಖ ಸೋರೆಕಾಯಿಯಷ್ಟು ಉದ್ದವಾಯಿತು.

ಮರುದಿನ ಇದನ್ನೇ ಮಾತಾಡುತ್ತಿರುವಾಗ ಆ ಬಲಗಿವಿ ನಮ್ಮ ಸೀಟಿನ ಹತ್ತಿರ ಬಂತು. ಒಂದು ವಾರದಿಂದ ನಾವು ಹೆಣ ಎಲ್ಲಿ ಹಾಕುವುದು, ಹೇಗೆ ಹಾಕುವುದು ಎಂದು ಚರ್ಚಿಸುತ್ತಿದ್ದುದನ್ನು ಕೇಳಿಯೂ ಕಂಡಕ್ಟರಣ್ಣ ಪೊಲೀಸರಿಗೆ ಹೇಳದೆ ಇದ್ದದ್ದು ದೊಡ್ಡದು. ವಿಷಯ ತಿಳಿದದ್ದೇ ಸಂಶೋಧನೆಯನ್ನು ತಾವೇ ವಹಿಸಿಕೊಂಡರು. ಅಂದಿನಿಂದ ಪ್ರತಿ ಟಿಕೆಟ್ಟಿಗೂ ಪ್ರಶ್ನೆ ಎರಡು. ಎಲ್ಲಿಗೆ? ಮತ್ತೆ, ನಿಮಗೆ ಎಂತಕ್ಕೆ ಹೆದರಿಕೆ?

ಉತ್ತರಗಳನ್ನು ನಾಜಿಯಾ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮೀನು ಬುಟ್ಟಿಯ ಅಕ್ಕನಿಗೆ ಮಗಳ ಅತ್ತೆ ನಾಲ್ಕು ದಿನ ಇರಲು ಬರುತ್ತಾಳೆಂದರೆ ಹೆದರಿಕೆ. ಭಟ್ಕಳದ ಬಟ್ಟೆ ಅಂಗಡಿಯ ಹಿರಿಯರಿಗೆ ಒಂದೇ ದಿನ ಎರಡು ಮದುವೆಗೆ ಕರೆಯೋಲೆ ಬಂದರೆ ಹೆದರಿಕೆ, ಯಾಕೆಂದರೆ ಯಾವುದಕ್ಕೆ ಹೋದರೂ ಇನ್ನೊಂದು ಮನೆಯವರು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಶಾಲೆಯ ಮಾಸ್ತರರಿಗೆ ಚುನಾವಣೆ ಡ್ಯೂಟಿ. ಬೆಳಗ್ಗೆಯೇ ಸಾರಾಯಿ ಹೊಟ್ಟೆಗೆ ಹಾಕಿಕೊಂಡು ಹತ್ತಿದ್ದ ಒಬ್ಬ ಮಾತ್ರ ಬಹಳ ಯೋಚಿಸಿ, ನಿಮ್ಮ ಪ್ರಶ್ನೆಗೇ ಹೆದರಿಕೆ ಎಂದ. ದೆವ್ವಕ್ಕೂ ಕೊಲೆಗಾರನಿಗೂ ಹೆದರುವವರು ಆ ರಸ್ತೆಯಲ್ಲಿ ಒಬ್ಬರೂ ಸಿಗಲಿಲ್ಲ. ಮಗಳ ಅತ್ತೆಯನ್ನು ಇಟ್ಟುಕೊಂಡು ಥ್ರಿಲ್ಲರ್ ಮಾಡುವುದು ಹೇಗೆಂದು ಗಣಪತಿ ತಲೆಯ ಮೇಲೆ ಕೈ ಹೊತ್ತು ಕೂತ.

ಎಲ್ಲರನ್ನೂ ಕೇಳಿದವರನ್ನು ನಾವು ಯಾರೂ ಕೇಳಿರಲಿಲ್ಲ. ನಾನೇ ಕೇಳಿದೆ. ಅವರು ನಕ್ಕು, ಚೆಕಿಂಗ್‌ನವರ ಜೀಪು ಕಂಡರೆ ಸ್ವಲ್ಪ ಹೆದರಿಕೆ ಎಂದು ಹೇಳಿ ಮುಂದೆ ಹೋದರು. ಕುಮಟೆ ಹತ್ತಿರವಾಗಿ ಬಸ್ಸು ಸುಮಾರು ಖಾಲಿಯಾದ ಮೇಲೆ ತಾವಾಗಿಯೇ ಬಂದು ನಮ್ಮ ಎದುರಿನ ಸೀಟಿನಲ್ಲಿ ಕೂತರು. ಅವರು ಡ್ಯೂಟಿಯಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಬರೂ ತಿಂಗಳು ನನ್ಗೆ ರಿಟೈರು ತಂಗಿ. ಆಮೇಲೆ ಒಂದಿನ ನಾನು ರಸ್ತೆ ಬದಿಗೆ ನಿಂತಿರ್ತೆ, ಇದೇ ಬಸ್ಸು ಹೋತದೆ. ಒಳಗಿದ್ದವ್ರು ಯಾರೂ ತಿರುಗಿ ನೋಡೂದಿಲ್ಲ, ಎಂತ ಅಂತ ಕೇಳೂದಿಲ್ಲ. ನನ್ಗೆ ಹೆದ್ರಿಕೆ ಅಂದ್ರೆ ಅದೊಂದೇ.”

ನಾಜಿಯಾ ಮೊಬೈಲು ಕೆಳಗಿಟ್ಟು, ಇದೇ ನಮ್ಮ ಸಿನಿಮಾ ಎಂದಳು. ಒಬ್ಬ ಮನುಷ್ಯ ತನ್ನ ಪರಿಚಯದ ಕೇರಿಗೆ ಬರುತ್ತಾನೆ. ಅಂಗಳ ಅಂಗಳದಲ್ಲಿ ಜನ ಇದ್ದಾರೆ. ಯಾರೂ ಅವನನ್ನು ಮಾತಾಡಿಸುವುದಿಲ್ಲ. ಯಾಕೆ? ಅಲ್ಲಿಗೆ ಎರಡು ನಿಮಿಷ ಮುಗಿಯುತ್ತದೆ. ಗಣಪತಿ ಒಂದು ತೊಟ್ಟು ರಕ್ತವಾದರೂ ಇರಲಿ ಎಂದು ಬೇಡಿಕೊಂಡ. ಕಂಡಕ್ಟರಣ್ಣ ಆಗಲೇ ಎದ್ದು ನಿಂತಾಗಿತ್ತು. “ರಕ್ತ ಬೇಡ ತಮಾ, ಮನೇಲಿ ಹೆಂಗಸ್ರು ಮಕ್ಳು ಎಲ್ಲ ನೋಡೂದು” ಎಂದರು. ಆ ಮನುಷ್ಯನ ಪಾತ್ರ ಯಾರದೆಂದು ನಾವು ಇನ್ನೂ ಬಾಯಿಬಿಟ್ಟಿರಲೂ ಇಲ್ಲ.

ಭಾನುವಾರ ಮಾವಿನಕುರ್ವೆಯ ನಮ್ಮ ಕೇರಿಯಲ್ಲಿ ಚಿತ್ರೀಕರಣ. ಕಂಡಕ್ಟರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ, ಘಮಘಮ ಪೌಡರು ಹಾಕಿಕೊಂಡು ಕುಮಟೆಯ ಹತ್ತಿರದ ತಮ್ಮೂರು ಕಾಗಾಲದಿಂದ ಬಂದಿಳಿದರು. ಸಂಶಯಾಸ್ಪದ ವ್ಯಕ್ತಿಗಿಂತ ಹೆಚ್ಚಾಗಿ ಮದುವೆಗೆ ಬಂದ ಸೋದರಮಾವನ ಹಾಗೆ ಕಾಣುತ್ತಿದ್ದರು. ನಾನು ಮನೆಮನೆಗೆ ಹೋಗಿ, ಅವರು ಮುಂದೆ ಹಾದು ಹೋಗುವಾಗ ಯಾರೂ ಮಾತಾಡಬಾರದು, ಸುಮ್ಮನೆ ನೋಡಬೇಕು ಎಂದು ಹೇಳಿ ಬಂದೆ. ಎಲ್ಲರೂ ಆತು ಎಂದರು.

ಗಣಪತಿ ಆಕ್ಷನ್ ಎಂದ. ಕಂಡಕ್ಟರಣ್ಣ ನಡೆಯುತ್ತ ಮೊದಲ ಅಂಗಳ ತಲುಪಿದ್ದೇ ಅಲ್ಲಿ ಮೀನು ಒಣಗಿಸುತ್ತಿದ್ದ ನನ್ನ ದೊಡ್ಡಮ್ಮ ತಲೆ ಎತ್ತಿ, “ಎಂತ ಕಂಡಕ್ಟ್ರೇ, ಊಟ ಆತಾ?” ಎಂದಳು. ಅವರು ನಿಂತು, ಆತು ಎಂದು ಹೇಳಿ, ನಿನ್ನ ಮೊಣಕಾಲು ಹೇಗಿದೆಯೆಂದು ಕೇಳಿ, ಕುಮಟೆಯ ಒಬ್ಬ ನಾಟಿ ವೈದ್ಯರ ಎಣ್ಣೆಯ ವಿಷಯ ಪೂರ್ತಿ ವಿವರಿಸಿದರು. ನಾಜಿಯಾ ಕ್ಯಾಮೆರಾ ನಿಲ್ಲಿಸುವುದನ್ನು ಮರೆತು ಎಣ್ಣೆಯ ಹೆಸರು ಕೇಳಿಕೊಂಡಳು, ಅವಳ ಅಜ್ಜಿಗೂ ಮೊಣಕಾಲು ನೋವು.

ಎರಡನೆಯ ಸಲ ದೊಡ್ಡಮ್ಮ ಬಾಯಿ ಕಟ್ಟಿಕೊಂಡಳು. ಎದುರುಮನೆಯ ಚಿಕ್ಕಪ್ಪ ಮಾತಾಡಲಿಲ್ಲ, ಆದರೆ ಎದ್ದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಮೂರನೆಯ ಸಲ ಎಲ್ಲರೂ ಸುಮ್ಮನಿದ್ದರು, ಕಂಡಕ್ಟರಣ್ಣನೇ ತಡೆಯಲಾರದೆ ಬಲೆ ಹೆಣೆಯುತ್ತಿದ್ದವನ ಬಳಿ ನಿಂತು, ಎಂತ, ಮೀನುಗೀನು ಬಿತ್ತಾ ಎಂದರು. ಹೀಗೇ ಮಧ್ಯಾಹ್ನ ಕಳೆಯಿತು. ಗಣಪತಿ ನಿರ್ದೇಶನ ಬಿಟ್ಟು ತೆಂಗಿನ ಬುಡದಲ್ಲಿ ಕೂತ. ದೊಡ್ಡಮ್ಮ ಸೊಂಟಕ್ಕೆ ಕೈ ಇಟ್ಟು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಎದುರಿಗೆ ಬಂದ ಮನುಷ್ಯರನ್ನು ಮಾತಾಡಿಸಬಾರದೆಂದು ಕಲಿಸಲಿಕ್ಕೆ ಕಾಲೇಜು ಬೇಕಾ ಎಂಬುದು ಅವಳ ಪ್ರಶ್ನೆ.

ಕೊನೆಗೆ ಕಂಡಕ್ಟರಣ್ಣನೇ ಮನೆಮನೆಗೆ ಹೋಗಿ, ಹುಡುಗರ ಪರೀಕ್ಷೆ, ಒಂದೇ ಸಲ ನನ್ನನ್ನು ಮನುಷ್ಯ ಅಂತ ನೋಡಬೇಡಿ ಎಂದು ಕೇಳಿಕೊಂಡರು. ತನ್ನ ಬಾಯಿಯ ಮೇಲೆ ತನಗೇ ನಂಬಿಕೆ ಇಲ್ಲದ ದೊಡ್ಡಮ್ಮ ಒಳಗೆ ಹೋಗಿ ಕೊಡಪಾನ ತಂದಳು. ಒಂದು ದೊಡ್ಡ ಗುಟುಕು ನೀರು ಬಾಯಿಗೆ ಹಾಕಿ ತುಟಿ ಬಿಗಿದು, ಉಳಿದವರಿಗೂ ಕೈಸನ್ನೆ ಮಾಡಿದಳು. ಚಿಕ್ಕಪ್ಪ, ಬಲೆಯವನು, ಬಾವಿಕಟ್ಟೆಯ ಹೆಂಗಸರು, ಇಡೀ ಕೇರಿಯೇ ಬಾಯಲ್ಲಿ ನೀರು ತುಂಬಿಕೊಂಡು ಕೂತಿತು. ನಗು ಬಂದರೆ ನೀರು ಹೊರಗೆ, ಹಾಗಾಗಿ ಎಲ್ಲರ ಮುಖವೂ ಗಂಟು ಹಾಕಿಕೊಂಡಿತ್ತು. ನಾನು ಹುಟ್ಟಿ ಬೆಳೆದ ಕೇರಿಯನ್ನು ನೋಡಿ ನನಗೇ ಹೆದರಿಕೆಯಾಯಿತು.

ಕಂಡಕ್ಟರಣ್ಣ ನಡೆದರು. ಮೊದಲ ಅಂಗಳ ದಾಟುವಾಗ ಮುಖದಲ್ಲಿ ಇನ್ನೂ ಸಣ್ಣ ನಗುವಿತ್ತು. ಎರಡನೆಯ ಅಂಗಳದಲ್ಲಿ ಅದು ಹೋಯಿತು. ಅರ್ಧ ದಾರಿಯಲ್ಲಿ ನಡಿಗೆ ನಿಧಾನವಾಯಿತು, ಒಬ್ಬೊಬ್ಬರ ಮುಖ ನೋಡಿ ನೋಡಿ ಮುಂದೆ ಹೋದರು. ಯಾರೂ ತುಟಿ ಬಿಚ್ಚಲಿಲ್ಲ. ಕೇರಿಯ ಕೊನೆಗೆ ನಿಂತು ತಿರುಗಿದಾಗ ಅವರ ಎಡಗೈ ಕಂಕುಳ ಹತ್ತಿರ ಡ್ಯೂಟಿಯ ಹಣದ ಚೀಲ ಹುಡುಕುತ್ತಿತ್ತು. ಅಲ್ಲಿ ಚೀಲ ಇರಲಿಲ್ಲ. ಇದನ್ನು ನಾವು ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ಗಣಪತಿ ಕಟ್ ಎನ್ನುವ ಮೊದಲೇ ದೊಡ್ಡಮ್ಮ ಪಿಚಕ್ಕೆಂದು ನೀರು ಉಗಿದು ಓಡಿಹೋಗಿ ಅವರ ಕೈ ಹಿಡಿದುಕೊಂಡಳು. “ಸಾಕು ಮಾರಾಯಾ, ಬಾ, ಚಾ ಕುಡಿ” ಎಂದಳು. ಅವರು ಜಗುಲಿಯ ಮೇಲೆ ಕೂತು ಚಹಾ ಕುಡಿದು ಮುಗಿಸಿದರು. ಆಮೇಲೆ ನನ್ನನ್ನು ನೋಡಿ, “ನಾಟ್ಕ ಅಂತ ಗೊತ್ತಿದ್ರೂ ಇನ್ನೊಂದ್ಸಲ ಹಂಗೆ ನಡೆಯೂದು ನನ್ನ ಕೈಲಿ ಆಗೂದಿಲ್ಲ ತಂಗಿ” ಎಂದರು.

ಕಾಲೇಜಿನಲ್ಲಿ ಅದನ್ನು ತೋರಿಸಿದ ದಿನ, ಮುಗಿದ ಕೂಡಲೇ ಹಿಂದಿನ ಬೆಂಚಿನಿಂದ ಯಾರೋ, ಅಂವ ಎಂತ ಮಾಡಿದ್ದ, ಯಾಕೆ ಯಾರೂ ಮಾತಾಡಲಿಲ್ಲ ಎಂದು ಕೇಳಿದರು. ಆ ಜನರಿಗೆ ಅಷ್ಟು ಗಂಭೀರ ನಟನೆ ಹೇಗೆ ಕಲಿಸಿದಿರಿ ಎಂದು ಮೇಡಂ ವಿಚಾರಿಸಿದರು. ಕೊಡಪಾನದ ವಿಷಯ ಗಣಪತಿ ಹೇಳಲಿಲ್ಲ, ನಿರ್ದೇಶಕರ ಶ್ರಮ ಎಂದ. ಪೇಪರು ಪಾಸಾಯಿತು.

ಕಂಡಕ್ಟರಣ್ಣ ನಿವೃತ್ತರಾದರು. ಅವರ ಹೆದರಿಕೆ ಪೂರ್ತಿ ಸುಳ್ಳಾಯಿತೆಂದು ಹೇಳುವ ಆಸೆ ನನಗಿದೆ, ಆದರೆ ಹಾಗಾಗಲಿಲ್ಲ. ಸಂಜೆ ಕಾಗಾಲದಿಂದ ಕುಮಟೆ ಬಸ್ ನಿಲ್ದಾಣಕ್ಕೆ ಬಂದು ನಿಲ್ಲುತ್ತಿದ್ದರು. ಹಳಬರು ಗುರುತಿಸಿ ಮಾತಾಡುತ್ತಿದ್ದರು. ಹೊಸಬರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಾದು ಹೋಗುತ್ತಿದ್ದರು. ಅಂಥವರನ್ನು ಕಂಡಕ್ಟರಣ್ಣ ಅಡ್ಡ ಹಾಕಿ ಎಲ್ಲಿಗೆ, ಯಾಕೆ ಎಂದು ಕೇಳಿದರೆ ಒಂದಿಬ್ಬರು ದೂರ ಸರಿದು ನಿಂತದ್ದನ್ನು ನಾನೇ ಕಂಡಿದ್ದೇನೆ, ನನಗೆ ಸಂಕಟವಾಗಿದೆ. ನನ್ನನ್ನು ಕಂಡರೆ ಮಾತ್ರ, ನಿನ್ನ ಥ್ರಿಲ್ಲರ್ ಮುಂದೆ ಎಂತಾಯ್ತು ಎಂದು ಕೇಳಿ ನಗುತ್ತಿದ್ದರು. ನಾನು ಆಗಲೇ ಹೊನ್ನಾವರದಲ್ಲಿ ಮದುವೆ ವಿಡಿಯೋ ಜೋಡಿಸುವ ಕೆಲಸ ಹಿಡಿದಿದ್ದೆ. ಮದುವೆಯೂ ಥ್ರಿಲ್ಲರೇ ಕಂಡಕ್ಟರಣ್ಣ ಎನ್ನುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಅವರು ಮಲಗಿದಲ್ಲೇ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ನಾನು ಕಾಗಾಲಕ್ಕೆ ಹೋದೆ. ಮನೆಯಲ್ಲಿ ಅವರ ಫೋಟೋಗಳು ಬೇಕಾದಷ್ಟಿದ್ದವು, ಆದರೆ ಅವರ ಹೆಂಡತಿ ನಮ್ಮ ಸಿನಿಮಾ ನೋಡಬೇಕೆಂದರು. ಮೊಬೈಲಿನಲ್ಲಿ ತೋರಿಸಿದೆ. ಅರ್ಧಕ್ಕೇ ಅವರು ಮುಖ ತಿರುಗಿಸಿದರು.

“ಇದು ಬೇಡ ತಂಗಿ. ಇದ್ರಲ್ಲಿ ಅವ್ರು ಬಾಯೇ ಬಿಡೂದಿಲ್ಲ. ಮಾತಾಡೂದು ಎಂತಾದ್ರೂ ಉಂಟಾ?”

ಇತ್ತು. ಹಾಳಾದ ಚಿತ್ರೀಕರಣವನ್ನೆಲ್ಲ ನಾನು ಅಳಿಸದೆ ಇಟ್ಟಿದ್ದೆ, ಬುದ್ಧಿವಂತಿಕೆಯಿಂದಲ್ಲ, ಸೋಮಾರಿತನದಿಂದ. ಆ ಭಾನುವಾರ ಕೆಟ್ಟದ್ದನ್ನೆಲ್ಲ ಸೇರಿಸಿ ಮುಂದಿನ ವಾರ ಲ್ಯಾಪ್‌ಟಾಪು ಸಮೇತ ಕಾಗಾಲಕ್ಕೆ ಹೋದೆ. ಅಕ್ಕಪಕ್ಕದ ಮನೆಯವರೂ ಬಂದು ಕೂತರು. ದೊಡ್ಡಮ್ಮ ತಲೆ ಎತ್ತಿ ಊಟ ಆತಾ ಎಂದು ಕೇಳಿದಳು. ಕಂಡಕ್ಟರಣ್ಣ ನಿಂತು, ಗಟ್ಟಿ ದನಿಯಲ್ಲಿ, ಆತು ಎಂದರು.

“ಸುಳ್ಳು” ಎಂದರು ಅವರ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ, ಕಣ್ಣು ತುಂಬಿಕೊಂಡು. “ಸಿನ್ಮಾದಲ್ಲಿ ಹೊಟ್ಟೆ ಕಾಣ್ತದೆ ಹೇಳಿ ಆವತ್ತು ಒಂದು ತುತ್ತು ಮುಟ್ಟದೇ ಹೋಗಿದ್ರು.”