ದಡದಲ್ಲಿ ರಿಂಗಾಗುತ್ತಿದ್ದ ಫೋನು

ಫೋನ್ ರಿಂಗಾಗುತ್ತಿತ್ತು. ನನ್ನದಲ್ಲ. ನನ್ನ ಜೇಬಿನಲ್ಲಿದ್ದ ವಿಶ್ವನ ಫೋನು. ಸ್ಕ್ರೀನ್ ಮೇಲೆ ‘ಶೈಲಾ’ ಎಂಬ ಹೆಸರು. ಅವನ ಹೆಂಡತಿ.

ಎತ್ತಬೇಕಾದವನು ಸಮುದ್ರದಲ್ಲಿದ್ದ. ದಂಡೆಯ ಹತ್ತಿರ ಅಲ್ಲ, ದೂರ. ಎಷ್ಟು ದೂರವೆಂದರೆ, ಅವನ ತಲೆಗಿಂತ ಎತ್ತರದ ಹಳದಿ ಹಾಯಿ ನಮಗೆ ಸಾಸಿವೆ ಹೂವಿನ ಎಸಳಿನಷ್ಟು ಕಾಣುತ್ತಿತ್ತು. ನೋಡುತ್ತಿದ್ದಂತೆಯೇ ಇನ್ನೂ ಚಿಕ್ಕದಾಗುತ್ತಿತ್ತು.

ಇನ್ನೊಂದು ವಿಷಯ. ಶೈಲಾಗೆ ಗೊತ್ತಿದ್ದ ಪ್ರಕಾರ ಅವಳ ಗಂಡ ಆ ಹೊತ್ತಿನಲ್ಲಿ ಮಂಗಳೂರಿನ ಒಂದು ಗೃಹಪ್ರವೇಶದಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ.

ಮೊದಲಿನಿಂದ ಹೇಳಿಬಿಡುತ್ತೇನೆ.

ನಾವು ನಾಲ್ವರು. ಲಕ್ಷ್ಮೀಪುರಂನ ಒಂದೇ ರಸ್ತೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ, ಪಕ್ಕದ ಮನೆಯವರ ಗಾಜು ಒಡೆದು ದೊಡ್ಡವರಾದವರು. ವಿಶ್ವ ಈಗ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು, ದಟ್ಟಗಳ್ಳಿಯಲ್ಲಿ ಮನೆ. ಮಹದೇವ ಹಿನಕಲ್‌ನವನು, ಬಿಲ್ಡಿಂಗ್ ಕಂಟ್ರಾಕ್ಟರ್. ಸತ್ಯ ಔಷಧಿ ಕಂಪನಿಯೊಂದರಲ್ಲಿ ಸೇಲ್ಸ್ ನೋಡಿಕೊಳ್ಳುತ್ತಾನೆ. (ಹೆಸರು ಸತ್ಯ. ಗೃಹಪ್ರವೇಶದ ಐಡಿಯಾ ಅವನದೇ.) ನಾಲ್ಕನೆಯವನು ನಾನು, ನಿಮ್ಮ ಅಂಕಣಕಾರ. ಎಲ್ಲರಿಗೂ ಐವತ್ತು ದಾಟಿದೆ.

ಎಲ್ಲೋ ಕಾಲೇಜಿನ ಟ್ರಿಪ್ಪಿಗೆ ಹೋದಾಗ ವಿಶ್ವನಿಗೆ ವಿಂಡ್‌ಸರ್ಫಿಂಗ್ ಹುಚ್ಚು ಹತ್ತಿತು. ಗೊತ್ತಿಲ್ಲದವರಿಗೆ: ಉದ್ದನೆಯ ಹಲಗೆ, ಅದರ ಮೇಲೊಂದು ಹಾಯಿ. ನೀವು ಹಲಗೆ ಮೇಲೆ ನಿಂತು ಹಾಯಿಯನ್ನು ಕೈಯಲ್ಲಿ ಹಿಡಿದು ಗಾಳಿಯ ಜೊತೆ ಹಗ್ಗಜಗ್ಗಾಟ ಆಡಬೇಕು. ಗೆದ್ದರೆ ನೀರಿನ ಮೇಲೆ ಹಾರಿಕೊಂಡು ಹೋಗುತ್ತೀರಿ. ವಿಶ್ವ ಸೆಕೆಂಡ್ ಹ್ಯಾಂಡ್ ಹಲಗೆ ತಂದ. ಊರ ಹೊರಗಿನ ಹಿನ್ನೀರಿನಲ್ಲಿ ಎರಡು ವರ್ಷ ಬಿದ್ದು ಬಿದ್ದು ಕಲಿತ. ಚೆನ್ನಾಗಿಯೇ ಕಲಿತ. ಪಾಠ ಮಾಡುವಾಗ ಸಪ್ಪಗಿರುವ ಮನುಷ್ಯ ಹಾಯಿ ಹಿಡಿದರೆ ಬೇರೆಯೇ ಆಗುತ್ತಿದ್ದ. ಅದನ್ನು ನೋಡಲೆಂದೇ ನಾವು ಹೋಗಿ ಏರಿಯ ಮೇಲೆ ಕೂರುತ್ತಿದ್ದೆವು.

ಕಳೆದ ವರ್ಷ ಅವನ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಸ್ಟೆಂಟ್ ಹಾಕಿದರು. ಚೇತರಿಸಿಕೊಂಡ. ಆದರೆ ಮನೆಯಲ್ಲಿ ಕಾನೂನು ಬಂತು: ಕೆರೆ, ಹೊಳೆ, ಸಮುದ್ರ ಎಲ್ಲ ಬಂದ್. ಡಾಕ್ಟರು ಸರಿ ಅನ್ನುವವರೆಗೆ ನೀರಿಗಿಳಿಯುವ ಹಾಗಿಲ್ಲ. ಡಾಕ್ಟರನ್ನು ಕೇಳೋಣ ಅಂದರೆ ವಿಶ್ವನಿಗೆ ಭಯ. ಬೇಡ ಅಂದುಬಿಟ್ಟರೆ?

ಅವನಿಗೆ ಒಂದು ಸಲ, ಒಂದೇ ಸಲ, ಸಮುದ್ರದಲ್ಲಿ ಆಡಬೇಕಿತ್ತು. ನಾವು ಏನು ಮಾಡಿದೆವು? ಗೆಳೆಯರು ಮಾಡುವುದನ್ನೇ ಮಾಡಿದೆವು. ನಾಲ್ಕು ಮನೆಗಳಲ್ಲೂ ಒಂದೇ ಸುಳ್ಳನ್ನು ಒಂದೇ ಥರ ಹೇಳಿದೆವು. ಹಲಗೆಯನ್ನು ಮಹದೇವನ ಗೋಡೌನಿನಲ್ಲಿ ಕಾರಿನ ಮೇಲೆ ಕಟ್ಟಿ, ಟಾರ್ಪಾಲ್ ಹೊದಿಸಿ, ಶನಿವಾರ ಮಧ್ಯಾಹ್ನ ಹುಣಸೂರು ರಸ್ತೆ ಹಿಡಿದೆವು. ಮಡಿಕೇರಿ ದಾಟುವವರೆಗೂ ನಗು. ನಮಗೆ ಮತ್ತೆ ಹದಿನೆಂಟು ವರ್ಷ.

ಕಾರಿನಲ್ಲಿ ವಿಶ್ವ ನಮಗೆ ಗಾಳಿಯ ಪಾಠ ಮಾಡಿದ. ಈ ಕಾಲದಲ್ಲಿ ಕರಾವಳಿಯಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದಂತೆ. ಮಧ್ಯಾಹ್ನದ ಮೇಲೆ ತಿರುಗಿ ಸಮುದ್ರದಿಂದ ನೆಲಕ್ಕೆ. “ಬೆಳಿಗ್ಗೆ ಹೊತ್ತು ಇಳೀಬಾರ್ದು ಕಣ್ರೋ. ಕೈ ಸೋತ್ರೆ ಗಾಳಿ ಹೊರಗಡೆಗೇ ಎಳ್ಕೊಂಡು ಹೋಗುತ್ತೆ. ಮಧ್ಯಾಹ್ನ ಆದ್ರೆ ಸೋತ್ರೂ ದಡಕ್ಕೇ ತಂದು ಹಾಕುತ್ತೆ” ಅಂದ. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದವನು ಭಾನುವಾರ ಬೆಳಿಗ್ಗೆಯೇ ಏಕೆ ನೀರಿಗಿಳಿದ?

ಏಕೆಂದರೆ ಗೃಹಪ್ರವೇಶ ಮುಗಿಸಿಕೊಂಡು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿರುತ್ತೇನೆ ಎಂದು ಶೈಲಾಗೆ ಹೇಳಿದ್ದ. ಉಡುಪಿ ಕಡೆಯ ಆ ಸಣ್ಣ ಬೀಚಿನಿಂದ ಮೈಸೂರಿಗೆ ಊಟದ ಹೊತ್ತಿಗೆ ತಲುಪಬೇಕಾದರೆ ಮಧ್ಯಾಹ್ನವೇ ಹೊರಡಬೇಕು. ಒಳ್ಳೆಯ ಗಾಳಿ ಬರುವುದೇ ಮಧ್ಯಾಹ್ನ. ಶನಿವಾರ ನಾವು ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಗಾಳಿಯ ಟೈಮ್‌ಟೇಬಲ್ಲಿಗೂ ನಮ್ಮ ಸುಳ್ಳಿನ ಟೈಮ್‌ಟೇಬಲ್ಲಿಗೂ ಹೊಂದಲಿಲ್ಲ.

“ದಡದ ಪಕ್ಕದಲ್ಲೇ ಒಂದು ರೌಂಡ್ ಹೊಡ್ದು ಬಂದ್ಬಿಡ್ತೀನಿ” ಅಂದ ವಿಶ್ವ. ಲೈಫ್ ಜಾಕೆಟ್ ಹಾಕಿಕೊಂಡ. ವಿಡಿಯೋ ತೆಗಿ ಅಂತ ಫೋನ್ ನನ್ನ ಕೈಗೆ ಕೊಟ್ಟ. ಹಾಯಿ ಎತ್ತಿದ ತಕ್ಷಣ ಹಲಗೆ ಜಾರಿಕೊಂಡು ಹೋಯಿತು. ಎಷ್ಟು ಚೆನ್ನಾಗಿ ಹೋಯಿತೆಂದರೆ ಸತ್ಯ ಚಪ್ಪಾಳೆ ತಟ್ಟಿದ.

ಆಮೇಲೆ ಅವನು ತಿರುಗಲಿಲ್ಲ.

ತಿರುಗಲು ನೋಡಿದ. ಬಿದ್ದ. ಹಾಯಿ ಎತ್ತಿದ, ಮತ್ತೆ ಬಿದ್ದ. ಪ್ರತಿ ಸಲ ಎದ್ದಾಗಲೂ ಇನ್ನಷ್ಟು ದೂರದಲ್ಲಿ ಏಳುತ್ತಿದ್ದ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ನೋಡಿಕೊಂಡರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು.

ಮಹದೇವನೇ ಓಡಿದ್ದು. ನಾವು ಇಳಿದುಕೊಂಡಿದ್ದ ಹೋಂಸ್ಟೇ ನಡೆಸುವ ದಿನೇಶರನ್ನು ಕರೆತಂದ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಒಮ್ಮೆ ನೋಡಿದರು. “ಎಂತ ಮಾರಾಯ್ರೆ, ಬೆಳಿಗ್ಗೆ ಯಾಕೆ ಬಿಟ್ರಿ?” ಅಂದವರು ಉತ್ತರಕ್ಕೆ ಕಾಯದೆ ಯಾರಿಗೋ ಫೋನ್ ಮಾಡಿ ತುಳುವಿನಲ್ಲಿ ಮಾತಾಡಿದರು. “ಮೀನಿನ ದೋಣಿ ಒಂದು ಹೊರಗೆ ಉಂಟು. ಬಲೆ ಎಳೆದು ಹೊರಡ್ತಾರಂತೆ. ಸ್ವಲ್ಪ ಹೊತ್ತು ಹಿಡೀತದೆ.”

ಫೋನ್ ರಿಂಗಾಗಿದ್ದು ಆಗಲೇ.

“ಎತ್ಬೇಡ ಕಣೋ” ಅಂದ ಮಹದೇವ. “ಇನ್ನೊಂದ್ ಗಳಿಗೆ. ದೋಣಿ ಓಯ್ತದೆ, ಬಂದ್ಬುಡ್ತಾನೆ.”

ನಿಂತಿತು. ಮತ್ತೆ ಶುರುವಾಯಿತು. ಬಿಡದೆ ರಿಂಗಾಗುವ ಫೋನನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಗೊತ್ತೆ? ಎತ್ತಿದೆ.

“ಶೈಲಾ, ನಾನು ಗೋಪಿ. ವಿಶ್ವ ಸ್ನಾನಕ್ಕೆ ಹೋಗಿದಾನೆ ಕಣಮ್ಮ.” (ಪೂರ್ತಿ ಸುಳ್ಳಲ್ಲ ಎಂದು ಆ ಕ್ಷಣದಲ್ಲೂ ನನ್ನ ಬುದ್ಧಿ ಸಮಜಾಯಿಷಿ ಕೊಟ್ಟಿತು.)

“ಗೋಪಣ್ಣ, ಇವರು ಮಾತ್ರೆ ಡಬ್ಬಿ ಇಲ್ಲೇ ಬಿಟ್ಟುಹೋಗಿದಾರೆ. ನಿನ್ನೆ ರಾತ್ರೀದೂ ತಗೊಂಡಿಲ್ಲ. ಹೆಸರು ಮೆಸೇಜ್ ಮಾಡ್ತೀನಿ, ಅಲ್ಲೇ ಮೆಡಿಕಲ್ ಸ್ಟೋರಲ್ಲಿ ಕೊಡ್ಸಿಬಿಡಿ. ಅವರು ‘ಆಮೇಲೆ’ ಅಂತಾರೆ, ಬಿಡಬೇಡಿ.”

“ಆಯ್ತಮ್ಮ” ಅಂದೆ. ಇಟ್ಟೆ.

ಸತ್ಯನಿಗೆ ಹೇಳಿದೆ. ಔಷಧಿ ಮಾರುವವನಲ್ಲವೇ, ಅವನ ಮುಖದ ಬಣ್ಣವೇ ಹೋಯಿತು. “ಸ್ಟೆಂಟ್ ಹಾಕ್ಸಿಕೊಂಡವರು ಅದನ್ನ ತಪ್ಪಿಸೋ ಹಾಗಿಲ್ಲ ಕಣೋ. ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋದೇ ಅದು” ಅಂದ. ಆಮೇಲೆ ಮೆಲ್ಲಗೆ, “ಅಲ್ಲಿ ಅವನು ಎಷ್ಟು ಹೊತ್ತಿಂದ ಹಾಯಿ ಎಳೀತಿದಾನೆ?”

ನಾನು ಸಮುದ್ರ ನೋಡಿದೆ. ಹಳದಿ ಎಸಳು ಇತ್ತು. ನೋಡುತ್ತಿದ್ದಂತೆಯೇ ಮಲಗಿತು. ಮತ್ತೆ ಏಳಲಿಲ್ಲ.

ನನ್ನ ಫೋನಿನಿಂದ ಶೈಲಾಗೆ ಮಾಡಿದೆ. ಮಹದೇವ ಕೈ ಹಿಡಿದುಕೊಂಡ. “ಈಗ ನಿಜ ಏಳ್ಬುಟ್ಟು ಏನ್ ಮಾಡೀಯೆ? ಅಲ್ಲಿ ಕುಂತು ಆ ಎಣ್ಮಗಳು ಏನ್ ಮಾಡಾಳು?” ಅವನ ಕಣ್ಣಲ್ಲಿ ನೀರಿತ್ತು. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಏನೂ ಇಲ್ಲ. ಆದರೂ ಕೈ ಬಿಡಿಸಿಕೊಂಡೆ.

ಹೇಳಿದೆ. ಗೃಹಪ್ರವೇಶ ಇಲ್ಲ. ಸಮುದ್ರ. ಹಲಗೆ. ಗಾಳಿ. ದೋಣಿ ಹೊರಟಿದೆ.

ಆ ಕಡೆ ಕುಕ್ಕರ್ ಕೂಗುತ್ತಿತ್ತು. ಅವಳು ಸ್ಟವ್ ಆರಿಸಿದ್ದು ಕೇಳಿಸಿತು. ಕೂಗಾಡುತ್ತಾಳೆ ಎಂದು ಕಾಯುತ್ತಿದ್ದೆ.

“ಸ್ಟೆಂಟ್ ಇರೋದು ಅಲ್ಲಿಯವರಿಗೆ ಹೇಳಿದೀರಾ?” ಅಂದಳು.

ಇಲ್ಲ. ಹೇಳಿದರೆ ನೀರಿಗೆ ಇಳಿಯಲು ಬಿಡುವುದಿಲ್ಲ ಎಂದು ದಿನೇಶರಿಂದಲೂ ಮುಚ್ಚಿಟ್ಟಿದ್ದೆವು.

“ಈಗ ಹೇಳಿ. ದೋಣಿಯವರಿಗೂ ಹೇಳ್ಸಿ. ಆಂಬುಲೆನ್ಸ್ ಕರೀರಿ, ಬಂದು ನಿಂತಿರ್ಲಿ. ಮಾಡ್ಬಿಟ್ಟು ಮಾತಾಡಿ. ಫೋನ್ ಇಡಬೇಡಿ.”

ಮಾಡಿದೆವು. ದಡದಲ್ಲಿ ನಿಂತಿದ್ದ ನಮ್ಮ ಮೂವರಿಗೂ ಹೊಳೆಯದ್ದು ಅಡುಗೆಮನೆಯಲ್ಲಿ ನಿಂತವಳಿಗೆ ಹೊಳೆದಿತ್ತು.

“ಈಗ ಏನು ಕಾಣಿಸ್ತಿದೆ?”

“ಬಂದ್ಬಿಡ್ತಾನೆ ಶೈಲಾ, ನೀನು ಗಾಬರಿ...”

“ಗೋಪಣ್ಣ, ಸಮಾಧಾನ ಹೇಳಬೇಡಿ. ಏನು ಕಾಣಿಸ್ತಿದೆ ಅಂತ ಹೇಳಿ. ಕಾಣಿಸ್ತಿಲ್ಲ ಅಂದ್ರೆ ಕಾಣಿಸ್ತಿಲ್ಲ ಅನ್ನಿ.”

“ಕಾಣಿಸ್ತಿಲ್ಲ.”

“ಯಾವಾಗಿಂದ?”

“ಆಗಲೇ ಹಾಯಿ ಮಲಗಿತು. ಆಮೇಲಿಂದ.”

ನಾನು ಕಂಡದ್ದನ್ನು ಹೇಳುತ್ತಾ ಹೋದೆ. ಎಡಗಡೆಯಿಂದ ದೋಣಿ ಬರುತ್ತಿದೆ. ಈಗ ಎದುರಿಗಿದೆ. ಮುಂದೆ ಹೋಯಿತು. ನಿಂತಿತು. ಇಲ್ಲ, ನಿಲ್ಲಲಿಲ್ಲ, ಸುತ್ತು ಹೊಡೆಯುತ್ತಿದೆ. ಇಷ್ಟು ವರ್ಷ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಹೇಳುವುದು ಇಷ್ಟು ಭಾರವೆಂದು ಅವತ್ತಿನವರೆಗೂ ಗೊತ್ತಿರಲಿಲ್ಲ.

“ದೋಣಿ ತಿರುಗಿತು ಶೈಲಾ. ದಡದ ಕಡೆಗೆ.”

“ಇವರು ಅದರಲ್ಲಿದಾರಾ?”

“ಗೊತ್ತಾಗ್ತಿಲ್ಲ.”

ದಿನೇಶರ ಫೋನ್ ಬಡಿದುಕೊಂಡಿತು. ಅವರು ಕೇಳಿಸಿಕೊಂಡರು. ಅವರ ತುಟಿಯನ್ನೇ ನಾವು ಮೂವರೂ ನೋಡುತ್ತಿದ್ದೆವು. “ಸಿಕ್ಕಿದ್ರಂತೆ” ಅಂದರು. “ಕೂತ್ಕೊಂಡಿದ್ದಾರಂತೆ. ಮಾತಾಡ್ತಾರಂತೆ.”

“ಕೂತಿದಾನಂತೆ ಶೈಲಾ. ಮಾತಾಡ್ತಿದಾನಂತೆ.”

“ಸರಿ. ಒಂದ್ನಿಮಿಷ ಇರಿ” ಅಂದಳು. ಫೋನನ್ನು ಯಾವುದರ ಮೇಲೋ ಇಟ್ಟ ಸದ್ದು. ಕುರ್ಚಿ ಎಳೆದ ಸದ್ದು. ಆಮೇಲೆ ತುಂಬ ಹೊತ್ತು ನಲ್ಲಿ ನೀರು ಸುರಿಯುವ ಸದ್ದು.

ವಿಶ್ವನನ್ನು ಇಬ್ಬರು ಹಿಡಿದು ಇಳಿಸಿದರು. ತುಟಿ ನೀಲಿಗಟ್ಟಿತ್ತು. ಅಂಗೈ ಸುಲಿದಿತ್ತು. ತೋಳಲ್ಲಿ ಶಕ್ತಿ ಪೂರ್ತಿ ಹೋದ ಮೇಲೆ ಹಾಯಿಯನ್ನು ಬಿಚ್ಚಿ ಬಿಟ್ಟು, ಹಲಗೆಯನ್ನು ತಬ್ಬಿಕೊಂಡು ಮಲಗಿದ್ದನಂತೆ. ಅದೇ ಅವನನ್ನು ಉಳಿಸಿದ್ದು. ಎದೆ ಬಿಗಿಯುತ್ತಿತ್ತಂತೆ. ಅದು ಹೃದಯದ್ದೋ ಭಯದ್ದೋ ತಿಳಿಯದೆ ಅಷ್ಟು ಹೊತ್ತು ಆಕಾಶ ನೋಡುತ್ತಿದ್ದನಂತೆ.

ನಾನು ಫೋನ್ ಮುಂದೆ ಹಿಡಿದೆ. “ಶೈಲಾ” ಅಂದೆ.

ಅವನು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಸಮುದ್ರದಿಂದ ಬದುಕಿ ಬಂದವನ ಕಣ್ಣಲ್ಲಿ ಆಗ ಹೊಸದೊಂದು ಹೆದರಿಕೆ. ಫೋನ್ ತೆಗೆದುಕೊಂಡ. ಹೂಂ ಅಂದ. ಇನ್ನೊಂದು ಸಲ ಹೂಂ ಅಂದ. ವಾಪಸ್ ಕೊಟ್ಟ.

ಆಸ್ಪತ್ರೆಯಲ್ಲಿ ಇಸಿಜಿ, ರಕ್ತ ಪರೀಕ್ಷೆ ಎಲ್ಲ ಆಯಿತು. ಮಾತ್ರೆ ಕೊಟ್ಟರು. ಏನೂ ತೊಂದರೆಯಿಲ್ಲ, ನಿಧಾನವಾಗಿ ಹೋಗಿ ಅಂದರು. ಹೊರಟೆವು. ಸುಳ್ಯ ದಾಟಿತು, ಘಾಟಿ ಹತ್ತಿದೆವು.

ಮಡಿಕೇರಿ ಹತ್ತಿರ ಬಂದಾಗ ವಿಶ್ವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ. “ನಿನಗೆ ಯಾರು ಹೇಳು ಅಂದ್ರು?”

“ಯಾರೂ ಅನ್ಲಿಲ್ಲ.”

“ನಾನು ಬಂದ್ನಲ್ಲ ವಾಪಸ್ಸು.”

“ಬರದೇ ಇದ್ದಿದ್ರೆ?”

“ಆಮೇಲೆ ಹೇಳ್ಬಹುದಾಗಿತ್ತು. ಅಷ್ಟು ಹೊತ್ತಾದ್ರೂ ಅವಳು ನೆಮ್ಮದಿಯಾಗಿರ್ತಿದ್ಲು. ಒಬ್ಬಳೇ ಇದ್ದಳು ಮನೇಲಿ, ಗೊತ್ತಾ ನಿನಗೆ?”

ಗೊತ್ತಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಸತ್ಯ ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ನಟಿಸಿದ. ಮಹದೇವ ಕುಶಾಲನಗರದಲ್ಲಿ ಕಾರು ನಿಲ್ಲಿಸಿ, “ಇಳ್ಕಳಿ, ಟೀ ಕುಡೀರಿ. ಕಿತ್ತಾಡೋದಿದ್ರೆ ಇಲ್ಲೇ ಮುಗಿಸ್ಬುಟ್ಟು ಕಾರ್ ಅತ್ತಿ” ಅಂದ. ಟೀ ಕುಡಿದೆವು. ಮುಗಿಸಲಿಲ್ಲ.

ಇದಾಗಿ ಕೆಲವು ವಾರಗಳಾದವು. ವಿಶ್ವ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾನೆ. ಶೈಲಾಳೇ ಕರೆದುಕೊಂಡು ಹೋದಳಂತೆ. ಅವರು ಬೇಡ ಅನ್ನಲಿಲ್ಲವಂತೆ. ಇನ್ನೊಂದು ಪರೀಕ್ಷೆ ಆಗಲಿ, ಆಮೇಲೆ ಹಿನ್ನೀರಿನಲ್ಲಿ ಸ್ವಲ್ಪ ಸ್ವಲ್ಪ ಆಡಿ ಅಂದರಂತೆ. ಒಂದು ವರ್ಷ ಹೆದರಿದ್ದ ಪ್ರಶ್ನೆಗೆ ಸಿಕ್ಕಿದ ಉತ್ತರ ಇಷ್ಟೇ. ಈ ಸುದ್ದಿ ನನಗೆ ಹೇಳಿದ್ದು ಮಹದೇವ. ವಿಶ್ವ ನನ್ನೊಡನೆ ಇನ್ನೂ ಮಾತಾಡುತ್ತಿಲ್ಲ. ಈ ಅಂಕಣ ಬರೆಯಲೇ ಎಂದು ಮೆಸೇಜ್ ಮಾಡಿ ಕೇಳಿದೆ. ‘ಎಲ್ಲರಿಗೂ ಹೇಳೋದೇ ನಿನ್ನ ಕೆಲಸ, ಬರಿ’ ಎಂದು ಉತ್ತರ ಬಂತು. ಒಪ್ಪಿಗೆಯೋ ಬೈಗುಳವೋ, ನೀವೇ ಹೇಳಿ.

ನಾನು ಮಾಡಿದ್ದು ಸರಿಯೇ? ಪ್ರತಿದಿನ ಬೇರೆ ಬೇರೆ ಉತ್ತರ ಹೊಳೆಯುತ್ತದೆ. ಆದರೆ ನನ್ನನ್ನು ಕೊರೆಯುತ್ತಿರುವುದು ಅದಲ್ಲ.

ಅವತ್ತು ದಟ್ಟಗಳ್ಳಿ ತಲುಪಿದಾಗ ಶೈಲಾ ಗೇಟಿನಲ್ಲೇ ನಿಂತಿದ್ದಳು. ಕೂಗಾಡಲಿಲ್ಲ, ಅಳಲಿಲ್ಲ. ಗಂಡನ ಹಣೆ ಮುಟ್ಟಿ ನೋಡಿ ಒಳಗೆ ಕಳಿಸಿದಳು. ನಾವು ಮೂವರು ಕಾರಿನಿಂದ ಇಳಿಯದೆ ಹೊರಡುವ ಸನ್ನಾಹದಲ್ಲಿದ್ದೆವು. ಕಿಟಕಿಯ ಹತ್ತಿರ ಬಂದಳು. ನಮ್ಮನ್ನು ಮೂವತ್ತು ವರ್ಷದಿಂದ ಅಣ್ಣ ಅಂತ ಕರೆಯುವವಳು.

“ಅವರು ಸುಳ್ಳು ಹೇಳಿದ್ರು. ಸರಿ, ಅವರಿಗೆ ನನ್ನ ಹೆದರಿಕೆ” ಅಂದಳು. “ನಿಮ್ಮ ಮೂರು ಜನಕ್ಕೆ ಯಾರ ಹೆದರಿಕೆ ಇತ್ತಣ್ಣ?”